ಕೇರ್ ಆಫ್ ಎಲ್ರಾಯ್

ಹಾನುಬಾಳಿನಲ್ಲಿ ಬಸ್ ನಿಲ್ಲುವ ಕಡೆ ನನ್ನ ಟೈಲರಿಂಗ್ ಅಂಗಡಿಗೂ ಎಲ್ರಾಯ್‌ನ ಮೊಬೈಲ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಆ ಕಡೆ ಅವನು ಸೀನಿದರೆ ಈ ಕಡೆ ನನ್ನ ಹೊಲಿಗೆ ತಪ್ಪುತ್ತದೆ. ಹಾಗಾಗಿ ಅವನ ವಿಷಯ ಮಾತಾಡುವ ಹಕ್ಕು ನನಗಿದೆ. ಮನುಷ್ಯ ಒಳ್ಳೆಯವನು. ತೊಂದರೆ ಇರುವುದೇ ಅಲ್ಲಿ.

ಅವನ ಅಪ್ಪ ಆಂಥೋನಿ ಇದೇ ಜಾಗದಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಕಾಫಿ ಎಸ್ಟೇಟಿನ ಕೂಲಿ ಲೈನುಗಳಲ್ಲಿ ಇರುವವರಿಗೆ ಮನೆ ನಂಬರಿಲ್ಲ, ಪೋಸ್ಟಿನವನು ಅಲ್ಲಿಯವರೆಗೆ ಹತ್ತುವುದೂ ಇಲ್ಲ. ಎಲ್ಲರ ಕಾಗದವೂ ‘ಕೇರ್ ಆಫ್ ಆಂಥೋನಿ ಸ್ಟೋರ್’ ಎಂದೇ ಬರುತ್ತಿತ್ತು. ಸಂತೆಗೆ ಬಂದವರು ಅಕ್ಕಿ ಬೆಲ್ಲದ ಜೊತೆ ಕಾಗದವನ್ನೂ ಒಯ್ಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಎಲ್ರಾಯ್ ಅಲ್ಲಿ ಮೊಬೈಲ್ ಮಾರಲು ಕೂತ. ವ್ಯಾಪಾರ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಹೊಸ ಫೋನ್ ಕೊಂಡವರು ಈಮೇಲ್ ಇಲ್ಲವೆಂದು ಮುಖ ಸಣ್ಣ ಮಾಡಿಕೊಂಡರೆ, “ಅದಕ್ಯಾಕೆ ಚಿಂತೆ? ನಂದೇ ಹಾಕ್ತೀನಿ ಬುಡಿ” ಎಂದು ತನ್ನ ಈಮೇಲನ್ನೇ ಒತ್ತಿಬಿಡುತ್ತಿದ್ದ. ಫೋನ್ ತುಂಬಿತು ಎಂದು ಯಾರಾದರೂ ತಂದರೆ, ಫೋಟೋಗಳನ್ನೆಲ್ಲ ತನ್ನ ಕ್ಲೌಡಿಗೆ ಏರಿಸಿ, ಫೋನ್ ಖಾಲಿ ಮಾಡಿ ಕೊಡುತ್ತಿದ್ದ. ಕ್ಲೌಡ್ ಅಂದರೆ ಇಂಟರ್ನೆಟ್ಟಿನ ಅಟ್ಟ. ಊರವರ ಗಂಟುಮೂಟೆಯೆಲ್ಲ ಅವನೊಬ್ಬನ ಅಟ್ಟದಲ್ಲಿ.

ಹೀಗಾಗಿ ಯಾರ ಫೋನ್ ತೆರೆದರೂ ಎಲ್ಲರ ಫೋಟೋ ಕಾಣುತ್ತಿತ್ತು. ಒಬ್ಬರೂ ತಕರಾರು ಮಾಡಲಿಲ್ಲ. ಜಗಲಿ ಮೇಲೆ ಕೂತರೆ ಬೀದಿಯಲ್ಲಿ ಹೋಗುವವರು ಕಾಣುವುದಿಲ್ಲವೇ, ಫೋನೂ ಹಾಗೇ ಎಂದುಕೊಂಡರು. ನಂಜಮ್ಮ ತಮ್ಮ ಗಬ್ಬದ ಹಸುವಿನ ಫೋಟೋ ದಿನಾ ತೆಗೆಯುತ್ತಿದ್ದರು. ತೋಟಪ್ಪ ಮೊಮ್ಮಗಳು ನಗುವುದನ್ನು ತೆಗೆಯುತ್ತಿದ್ದರು. ನಾನು ಬ್ಲೌಸಿನ ಬೆನ್ನಿನ ಡಿಸೈನುಗಳನ್ನು. ಒಮ್ಮೆ ತೋಟಪ್ಪ ಅಂಗಡಿಗೆ ಬಂದು, “ಸುಮನಾ, ಆ ಎಲೆ ಆಕಾರದ್ದು ಐತಲ್ಲ, ನಮ್ಮನೆಯವಳಿಗೂ ಅಂಥದ್ದೇ ಹೊಲ್ಕೊಡವ್ವ” ಎಂದಾಗ ನನಗೆ ನಾಚಿಕೆಯಾಗಬೇಕೋ ಆರ್ಡರ್ ಬರೆದುಕೊಳ್ಳಬೇಕೋ ತಿಳಿಯಲಿಲ್ಲ. ಆರ್ಡರ್ ಬರೆದುಕೊಂಡೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ತಾಯಿ ಗ್ಲೋರಿಯಾಮ್ಮ ಬೈಯುವುದು ಸುಮ್ಮನೆ ಅಲ್ಲ. ನಲವತ್ತು ಹತ್ತಿರ ಬಂದರೂ ಮಗನಿಗೆ ಮದುವೆಯಿಲ್ಲ. ಕೊನೆಗೂ ಬೆಳ್ತಂಗಡಿ ಕಡೆಯ ಒಂದು ಸಂಬಂಧ ಬಂತು. ಹುಡುಗಿ ಲಿಯೋನಾ, ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಮೊದಲೇ ಫೋನಿನಲ್ಲಿ ಮಾತು ಬೇಡ, ಈಮೇಲಿನಲ್ಲಿ ನಾಲ್ಕು ಸಾಲು ಬರೆಯಲಿ, ಒಂದು ಫೋಟೋ ಕಳಿಸಲಿ ಎಂದಿದ್ದಳಂತೆ. ಎಲ್ರಾಯ್ ಬೆವರು ಒರೆಸಿಕೊಳ್ಳುತ್ತಾ ಬರೆದು ಕಳಿಸಿದ. ಉತ್ತರವಿಲ್ಲ. ಕಾದು ಕಾದು ಅವನ ಮುಖ ಬಾಡಿದ್ದು ನೋಡಿ ನನಗೇ ಸಂಕಟವಾಯಿತು.

ಶನಿವಾರ, ಈ ಸಂಬಂಧ ತಂದಿದ್ದ ಬ್ಲಾಂಚ್ ಆಂಟಿ ಅವನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದರು. ಹುಡುಗಿ ಬರೆದದ್ದು ಎರಡು ಸಲವೂ ವಾಪಸ್ ಹೋಗಿತ್ತು. ಹುಡುಗನ ಈಮೇಲ್ ಡಬ್ಬ ತುಂಬಿದೆ ಎಂದು ಬಂದಿತ್ತಂತೆ. ನಾಳೆ ಇನ್ನೊಂದು ಸಲ ಬರೆಯುತ್ತಾಳೆ, ಅದೂ ವಾಪಸ್ ಬಂದರೆ ಮನಸ್ಸಿಲ್ಲ ಎಂದು ತಿಳಿದು ಬೇರೆ ಕಡೆ ಒಪ್ಪುತ್ತಾಳೆ ಎಂದು ಹೇಳಿ ಆಂಟಿ ಫೋನ್ ಇಟ್ಟರು. ಊರಿನ ಫೋಟೋಗಳಿಗೂ ಅವನ ಈಮೇಲಿಗೂ ಜಾಗ ಅದೇ ಒಂದು ಅಟ್ಟದಲ್ಲಿ.

“ಬೇರೆ ಈಮೇಲ್ ಮಾಡ್ಕೊಳೋ” ಎಂದೆ.

“ಮದ್ವೆಗೆ ಮುಂಚೇನೇ ಅಡ್ರೆಸ್ ಬದಲಾಯ್ಸೋನ್ನ ಯಾರ್ ನಂಬ್ತಾರೆ ಸುಮನಾ?”

ತಿಂಗಳಿಗಿಷ್ಟು ಕಟ್ಟಿ ಜಾಗ ಹೆಚ್ಚಿಸಿಕೋ ಎಂದರೆ ಗ್ಲೋರಿಯಾಮ್ಮ, “ಅಟ್ಟಕ್ಕೂ ಬಾಡಿಗೆಯಾ?” ಎಂದು ಕಣ್ಣು ಕೆಕ್ಕರಿಸಿದರು. ಅಂಗಡಿ ಮುಚ್ಚುವ ಮುಂಚೆ ಎಲ್ರಾಯ್ ಕಣ್ಣು ಮುಚ್ಚಿ ಇಡೀ ಊರಿನ ಫೋಟೋಗಳನ್ನು ಒಟ್ಟಿಗೇ ಅಳಿಸಿಬಿಟ್ಟ.

ಭಾನುವಾರ ಗ್ಲೋರಿಯಾಮ್ಮ ಚರ್ಚಿನ ಪೂಜೆ ಮುಗಿಸಿ ಬರುವ ಹೊತ್ತಿಗೆ ಅಂಗಡಿ ಮುಂದೆ ಜಾತ್ರೆ. ನನ್ನ ಡಿಸೈನುಗಳೂ ಹೋಗಿದ್ದವು, ನಾನೂ ಕತ್ತರಿ ಹಿಡಿದೇ ಹೊರಗೆ ಬಂದಿದ್ದೆ. ತೋಟಪ್ಪ ಏದುಸಿರು ಬಿಡುತ್ತಿದ್ದರು.

“ನಂಜಮ್ಮನ ಹಸ ಎಲ್ಲೋಯ್ತೋ ಮಾರಾಯ? ದಿನ ತುಂಬಿತ್ತು ಕಣೋ! ಏನಾರ ಆಗ್ಬುಡ್ತಾ?”

“ಹಸಕ್ಕೇನಾಗಿಲ್ಲ, ಬೆಳಗ್ಗೆ ಕರು ಹಾಕೈತೆ” ಎಂದರು ಹಿಂದಿನಿಂದ ಬಂದ ನಂಜಮ್ಮ. “ನಿನ್ ಮೊಮ್ಮಗಳೆಲ್ಲೋದ್ಲು ಅದ್ ಹೇಳು. ಆ ಮಗು ನಗೋದ್ ನೋಡ್ದಿದ್ರೆ ನಂಗೆ ಕಾಫಿ ಇಳಿಯಲ್ಲ.”

ನಾನು ಗಮನಿಸಿದೆ. ತನ್ನ ಫೋಟೋ ಹೋಯಿತೆಂದು ಬಂದವಳು ನಾನೊಬ್ಬಳೇ.

ಎಲ್ರಾಯ್ ಫೋನ್ ಮುಂದೆ ಹಿಡಿದು ತೋರಿಸಿದ. ಅಳಿಸಿದ್ದೆಲ್ಲ ಇನ್ನೂ ಅಟ್ಟದ ಕಸದ ಬುಟ್ಟಿಯಲ್ಲೇ ಇದೆ, ಅದನ್ನು ಸುರಿದರೆ ಮಾತ್ರ ಜಾಗ ಆಗುವುದು, ಸುರಿದರೆ ಮತ್ತೆ ಸಿಗುವುದಿಲ್ಲ ಎಂದ. ಲಿಯೋನಾಳ ವಿಷಯವನ್ನೂ ಹೇಳಿದ. ಜನ ತಣ್ಣಗಾದರು. ಬುಟ್ಟಿಯೊಳಗಿನದನ್ನೆಲ್ಲ ವಾಪಸ್ ತಂದು, ಯಾವುದು ಹೆಚ್ಚು ಜಾಗ ತಿನ್ನುತ್ತಿದೆ ಎಂದು ನೋಡಿದೆವು. ಒಂದೇ ಒಂದು ವಿಡಿಯೋ ಅಟ್ಟದ ಅರ್ಧ ನುಂಗಿ ಕೂತಿತ್ತು. ಒತ್ತಿದರೆ ಬರೀ ಕತ್ತಲೆ, ಗಡಗಡ ಸದ್ದು. ತೋಟಪ್ಪ ಹೋದ ವರ್ಷ ವನಗೂರಿನಿಂದ ಜೀಪಿನಲ್ಲಿ ಬರುವಾಗ ಫೋನ್ ಜೇಬಿನಲ್ಲಿ ತಾನೇ ರೆಕಾರ್ಡ್ ಆಗುತ್ತಾ ಬಂದದ್ದು.

“ಅದ್ನ ಮುಟ್ಬೇಡ್ರಿ! ಅದ್ರಲ್ಲಿ ಆನೆ ಐತೆ!” ಎಂದು ತೋಟಪ್ಪ ಅಡ್ಡ ನಿಂತರು.

“ಎಲ್ಲೈತೆ ಆನೆ?” ಎಂದರು ನಂಜಮ್ಮ.

“ಕಾಣಲ್ಲ. ಜೇಬಿನಾಚೆ ಐತೆ.”

ಎಲ್ಲರೂ ಕಿವಿಯಿಟ್ಟು ಕೇಳಿದೆವು. ರಸ್ತೆ ಗುಂಡಿ, ಇನ್ನೊಂದು ಗುಂಡಿ, ಡ್ರೈವರನ ಕೆಮ್ಮು, ಮತ್ತೆ ಗುಂಡಿ. ನಡುವೆ ದೂರದಲ್ಲಿ ಏನೋ ಘೀಳಿಟ್ಟಿತು. ಅದು ಆನೆಯೋ ಜೀಪಿನ ಬ್ರೇಕೋ ದೇವರಿಗೇ ಗೊತ್ತು. ತೋಟಪ್ಪ ಹೆಮ್ಮೆಯಿಂದ ಎಲ್ಲರ ಮುಖ ನೋಡಿದರು. ಆಮೇಲೆ ಎಲ್ರಾಯ್‌ನ ಮುಖ ನೋಡಿದರು.

“ಅಳ್ಸಪ್ಪ” ಎಂದರು. “ಆನೆ ಇನ್ನೊಂದ್ ಬತ್ತದೆ.”

ಅಳಿಸಿದ. ಆ ಒಂದನ್ನೇ ಬುಟ್ಟಿಯಿಂದಲೂ ಸುರಿದ. ಊಟದ ಹೊತ್ತು ಮೀರಿದರೂ ಯಾರೂ ಕದಲಲಿಲ್ಲ. ಕೊನೆಗೆ ಫೋನ್ ಟಿಂಗ್ ಅಂತು. ಅವನು ಫೋನನ್ನು ನನ್ನ ಕಡೆ ಚಾಚಿದ, ಓದಿದ್ದು ನಾನು.

‘ಫೋಟೋ ಕೇಳಿದರೆ ಇಡೀ ಊರನ್ನೇ ಕಳಿಸಿದ್ದೀರಿ. ಎಲ್ಲವನ್ನೂ ನೋಡಿದೆ. ಇದರಲ್ಲಿ ನೀವು ಯಾರು? ಮತ್ತೆ, ಆ ಕೆಂಪು ದನ ಕರು ಹಾಕಿತಾ?’

ಒಂದು ಫೋಟೋ ಹಂಚುವ ಬದಲು, ಯಾವುದರಲ್ಲಾದರೂ ತಾನಿರುತ್ತೇನೆಂದು ಪುಣ್ಯಾತ್ಮ ಅಟ್ಟವನ್ನೇ ಹಂಚಿದ್ದ. ಎಲ್ಲರೂ ಸೇರಿ ಹುಡುಕಿದೆವು. ಇಷ್ಟು ವರ್ಷ ಎಲ್ಲರ ಫೋಟೋ ಕಾದವನದ್ದು ಒಂದೂ ಇರಲಿಲ್ಲ.

“ನಡೀರಿ ನಮ್ ಕೊಟ್ಟಿಗೆಗೆ” ಎಂದರು ನಂಜಮ್ಮ.

ಇನ್ನೂ ಕಾಲು ನೆಟ್ಟಗೆ ನಿಲ್ಲದ ಕರುವನ್ನು ಎಲ್ರಾಯ್ ಎತ್ತಿಕೊಂಡ. ಹಸು ಅವನ ಅಂಗಿ ನೆಕ್ಕಿತು. ಗ್ಲೋರಿಯಾಮ್ಮ “ಕೂದಲು ಬಾಚ್ಕೊ ಪುತಾ!” ಎಂದು ಮಗನಿಗೆ ಕೂಗಿದರು. ಫೋನ್ ಹಿಡಿದದ್ದು ತೋಟಪ್ಪ. ಆಮೇಲೆ ನೋಡಿದರೆ ಫೋಟೋ ಅಲ್ಲ, ಮತ್ತೆ ವಿಡಿಯೋ. ಅದನ್ನೇ ಕಳಿಸಿದೆವು.

ಸಂಜೆ ಉತ್ತರ ಬಂತು. ‘ಕರು ಚಂದ ಉಂಟು. ಎತ್ತಿಕೊಂಡವರೂ ಪರವಾಗಿಲ್ಲ. ಬರುವ ಭಾನುವಾರ ಮನೆಯವರ ಜೊತೆ ಬರುತ್ತೇನೆ.’

ಆ ವಿಡಿಯೋವನ್ನು ಯಾರೂ ಅಳಿಸಕೂಡದು ಎಂದು ತೋಟಪ್ಪ ತಾಕೀತು ಮಾಡಿದ್ದಾರೆ. ಅದರಲ್ಲಿ ಆನೆ ಇಲ್ಲ, ಆದರೂ.