ಬಿಳಿ ಗೆರೆಯ ಇಪ್ಪತ್ತೆರಡು ಕಲ್ಲು

2024ರ ಏಪ್ರಿಲ್ 20, ಶನಿವಾರ, ಬೆಳಿಗ್ಗೆ 7.20. ಮುಂಡಗೋಡ ತಾಲೂಕಿನ ಹಳ್ಳಿಯಲ್ಲಿ ಸೋದರತ್ತೆಯ ಹೊಸ ಮನೆಯ ಪಾಯಕ್ಕೆಂದು ಸುರಿದಿದ್ದ ಕಲ್ಲುಗಳನ್ನು ಎಣಿಸಲು ಶುರು ಮಾಡಿದೆ. ಒಟ್ಟು 112.

ದಾಂಡೇಲಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಲೈಬ್ರರಿಯಿಂದ ಕಲ್ಲುಗಳ ಕುರಿತ ಪುಸ್ತಕವೊಂದನ್ನು ತಂದು ಓದಿದ್ದೆ. ಅದನ್ನು ಅತ್ತೆಗೆ ಫೋನಿನಲ್ಲಿ ಹೇಳಿದ್ದೇ ತಡ, ಬಂದು ನೋಡು ಎಂದು ಕರೆದರು. ಹಿಂದೆ ಇದೇ ಕಲ್ಲುಗಣಿಯ ಕಲ್ಲು ಹಾಕಿ ಕಟ್ಟಿದ ಕೊಟ್ಟಿಗೆಯ ಪಾಯ ಪುಡಿಯಾಗಿ, ಗೋಡೆ ಬಿರುಕು ಬಿಟ್ಟಿತ್ತು.

ಕಲ್ಲಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಗುಲಾಬಿ ಹರಳುಗಳಿದ್ದವು. ಅದು ಆಲ್ಕಲಿ ಫೆಲ್ಡ್‌ಸ್ಪಾರ್. ನೀರು ಕುಡಿದು ಕುಡಿದು ಅದು ಕೊಳೆತು ಬಿಳಿ ಜೇಡಿಮಣ್ಣಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಹಾಗಾಗಿ ಬಿಳಿ ಕಂಡ ಕಲ್ಲಿಗೆಲ್ಲ ಇದ್ದಿಲಿನಿಂದ ಗುರುತು ಹಾಕುತ್ತ ಹೋದೆ.

ಪಾಯ ಕಟ್ಟಲು ಬಂದಿದ್ದ ಗೌಂಡಿ ಕಾಕಾ ನಗುತ್ತ ನಿಂತಿದ್ದರು. "ಬಣ್ಣಾ ನೋಡಿ ಆರಸಾಕತ್ತೀಯಲ್ಲ ತಂಗಿ, ಕನ್ಯಾ ನೋಡಾಕ ಬಂದೀ ಏನ?"

"ಪುಸ್ತಕದಾಗ ಹಂಗ ಐತ್ರಿ ಕಾಕಾ."

"ಪುಸ್ತಕಾ ಬರದಾಂವ ಪಾಯಾ ಹಾಕಿದ್ದನೇನ?"

ಮಧ್ಯಾಹ್ನ 1.10ಕ್ಕೆ ಲೆಕ್ಕ ಹೇಳಿದೆ: ಗುರುತು ಬಿದ್ದದ್ದು 31, ಉಳಿದದ್ದು 81. ಅಡಿಗೆಮನೆ ಸೇರಿ ಪಾಯಕ್ಕೆ ನೂರಾದರೂ ಬೇಕು ಎಂದರು ಕಾಕಾ. ಸೋಮವಾರ ಅವರು ಹಳಿಯಾಳದ ಕೆಲಸಕ್ಕೆ ಹೋದರೆ ದೀಪಾವಳಿವರೆಗೆ ಬರುವಂತಿರಲಿಲ್ಲ. ಕಲ್ಲು ಹೇರಲು ಎರವಲು ತಂದಿದ್ದ ಟ್ರ್ಯಾಕ್ಟರೂ ವಾಪಸು ಹೋಗಿತ್ತು.

ತಾಡಪತ್ರಿಯ ಚಪ್ಪರದ ಕೆಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಹಂಗಾರ ಅಡಗಿಮನಿ ಬಿಡ್ರಿ. ಈ ಮಳಿಗಾಲನೂ ಇಲ್ಲೇ ಬೇಯಿಸ್ತೇನಿ."

ಅವರು ಬೇಸರವಿಲ್ಲದೆ ಅಂದದ್ದೇ ನನ್ನನ್ನು ಕಾಡಿತು. ಹೋದ ವರ್ಷ ಜುಲೈನಲ್ಲಿ ನಾನಿದ್ದ ಆರು ದಿನಗಳಲ್ಲಿ ಆ ಒಲೆ ನಾಲ್ಕು ಬಾರಿ ನೀರು ನುಗ್ಗಿ ಆರಿತ್ತು.

ಭಾನುವಾರ 6.05ಕ್ಕೆ ಎದ್ದು, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದ ಪುಸ್ತಕದ ಪುಟಗಳನ್ನು ಮತ್ತೆ ಓದಿದೆ. ನಾನು ಟಿಪ್ಪಣಿ ಮಾಡಿಕೊಳ್ಳದ ಪುಟದಲ್ಲಿ ಉತ್ತರವಿತ್ತು. ಬಿಸಿಯಾಗಿದ್ದಾಗ ಈ ಹರಳಿನಲ್ಲಿ ಪೊಟ್ಯಾಸಿಯಂ, ಸೋಡಿಯಂ ಎರಡೂ ಒಂದಾಗಿ ಬೆರೆತಿರುತ್ತವೆ. ನಿಧಾನವಾಗಿ ತಣಿಯುವಾಗ ಸೋಡಿಯಂ ಫೆಲ್ಡ್‌ಸ್ಪಾರ್ ಬೇರೆಯಾಗಿ, ಗುಲಾಬಿಯ ನಡುವೆ ಬಿಳಿ ಗೆರೆಗಳಾಗಿ ನಿಲ್ಲುತ್ತದೆ. ಅದು ಕೊಳೆತದ್ದಲ್ಲ, ಅಷ್ಟೇ ಗಟ್ಟಿ.

ಕಬ್ಬಿಣದ ಮೊಳೆ ಹಿಡಿದು 31 ಕಲ್ಲುಗಳ ಮುಂದೆ ಕುಳಿತೆ. ಗಟ್ಟಿ ಹರಳಿನ ಮೇಲೆ ಮೊಳೆಯೇ ಸವೆದು ಬೂದು ಗೆರೆ ಬೀಳುತ್ತಿತ್ತು; ಒದ್ದೆ ಬೆರಳಿನಿಂದ ತಿಕ್ಕಿದರೆ ಹೋಗುತ್ತಿತ್ತು. ಕೊಳೆತದ್ದರಲ್ಲಿ ಮೊಳೆ ಇಳಿದು ಹಿಟ್ಟಿನಂತಹ ಪುಡಿ ಬರುತ್ತಿತ್ತು. ಕಾಕಾ ಬಂದು ಪಕ್ಕದಲ್ಲಿ ಕುಳಿತು, ನಾನು ಮುಗಿಸಿದ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟರು. ಗಟ್ಟಿಯದು ಠಣ್ ಎನ್ನುತ್ತಿತ್ತು, ಕೊಳೆತದ್ದು ದಬ್ ಎನ್ನುತ್ತಿತ್ತು. ಒಂದರ ಮೂಲೆ ಒಡೆದು ತೋರಿಸಿದರು. ಹರಳು ಮೆಟ್ಟಿಲು ಮೆಟ್ಟಿಲಾಗಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ಸೀಳಿ ಕನ್ನಡಿಯಂತೆ ಮಿನುಗಿತು.

"ಹಿಂಗ ಮಿಂಚಿದ್ದು ಸತ್ತಿಲ್ಲ," ಅಂದರು.

"ನಿನ್ನೇನ ಹೇಳಬೇಕಿತ್ತಲ್ರಿ?"

"ನೀ ಎಲ್ಲೆ ಕೇಳಿದಿ? ಬರಕೋತ ಕುಂತಿದ್ದಿ."

9.30ಕ್ಕೆ ಮುಗಿಯಿತು. ನಿಜವಾಗಿ ಕೊಳೆತದ್ದು 9. ಬರೀ ಬಿಳಿ ಗೆರೆಯವು 22. ಮೊಳೆ, ಸುತ್ತಿಗೆ ಎರಡೂ ಒಂದೇ ಮಾತು ಹೇಳಿದವು. ಮೊದಲಿನ 81 ಸೇರಿ ಒಟ್ಟು 103 ಕಲ್ಲು ಸಿಕ್ಕವು.

ಅಡಿಗೆಮನೆಯ ಪಾಯದ ಕೊನೆಯ ಕಲ್ಲು ಸಂಜೆ 5.40ಕ್ಕೆ ಕೂತಿತು. ಮೂರು ಕಲ್ಲು ಉಳಿದವು. ಗೋಡೆ ಇನ್ನೂ ಎದ್ದಿರದ ಆ ಚೌಕದೊಳಗೆ ಅತ್ತೆ ಹೋಗಿ, ಒಲೆ ಬರುವ ಕಡೆಗೆ ಮುಖ ಮಾಡಿ ಕುಳಿತು ಕೈಚಾಚಿ ಅಳತೆ ನೋಡಿದರು. "ಕಿಡಕಿ ಈ ಕಡೆ ಇರ್ಲಿ ಅಣ್ಣಾರ, ಹೊಗಿ ಹೋಗಬೇಕು."

ಒಂದು ಮಾತ್ರ ನನಗೆ ಬಗೆಹರಿದಿಲ್ಲ. ಪಾಯಕ್ಕೆ ಹಾಕದ ಒಂಬತ್ತರಲ್ಲಿ ಎರಡು ಕಲ್ಲುಗಳ ಒಂದು ಬದಿ ಮೊಳೆಗೆ ಬಗ್ಗದಷ್ಟು ಗಟ್ಟಿ, ಗೇಣು ದೂರದ ಇನ್ನೊಂದು ಬದಿ ಉಗುರಿಗೇ ಉದುರುತ್ತದೆ. ಒಂದೇ ಕಲ್ಲು, ಒಂದೇ ಗುಲಾಬಿ ಹರಳು. ಹೀಗೇಕೆ ಎಂದು ಬಲ್ಲವರು, ಗೌಂಡಿಗಳಾಗಲಿ ಮೇಷ್ಟ್ರುಗಳಾಗಲಿ, ನಾಲ್ಕು ಸಾಲು ಬರೆದು ತಿಳಿಸಬೇಕು.