ನನ್ನ ಕೈಯ ಅರಿಶಿಣ

ನಿಮ್ಮ ರಕ್ತದಲ್ಲಿ ಅರಿಶಿಣ ಇರಲಿಲ್ಲ, ಕಮಳಾಬಾಯಿ. ಇತ್ತು ಎಂದು ಹಲಬರ್ಗಾದ ಹೆಂಗಸರೆಲ್ಲರ ಎದುರು ಹೇಳಿದವಳು ನಾನು. ಅದು ಸುಳ್ಳೆಂದು ಅಂದೇ ನನಗೆ ಗೊತ್ತಾಗಿತ್ತು. ನಿಮಗೆ ಹೇಳಲು ಇಷ್ಟು ವರ್ಷ ಬೇಕಾಯಿತು.

ಬೀದರಿನ ಪ್ರಯೋಗಾಲಯದಲ್ಲಿ ಆಗ ನನಗೆ ಹೊಸ ಕೆಲಸ. ಅರಿಶಿಣದ ಸಾರದ ಮಾತ್ರೆ ನುಂಗಿದರೆ ಅದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ ಎಂದು ಅಳೆಯುತ್ತಿದ್ದೆವು. ರಕ್ತದ ಕೆಂಪು ಕಣ ಬೇರ್ಪಡಿಸಿ, ಉಳಿದ ತಿಳಿಯನ್ನು – ಪ್ಲಾಸ್ಮಾ ಎನ್ನುತ್ತೇವೆ – ಯಂತ್ರಕ್ಕೆ ಕೊಡುವುದು. ಮಾತ್ರೆಗೆ ಮೊದಲು ತೆಗೆದ ರಕ್ತದಲ್ಲಿ ಅರಿಶಿಣದ ಸುಳಿವೂ ಇರಬಾರದು. ಅದಕ್ಕೇ ಒಂದು ವಾರ ಅಡುಗೆಗೆ ಹಾಕಬೇಡಿ, ಮೈಗೂ ಸೋಕಿಸಬೇಡಿ ಎಂದು ಹೇಳಿದ್ದೆ. ನಿಮ್ಮೂರಿನ ಹೆಂಗಸರನ್ನೆಲ್ಲ ಈ ಪರೀಕ್ಷೆಗೆ ಒಪ್ಪಿಸಿ ಕರೆತಂದವರು ನೀವೇ.

ಆ ವಾರವೇ ಖಟಕ ಚಿಂಚೋಳಿಯಲ್ಲಿ ನಿಮ್ಮ ಅಣ್ಣನ ಮಗಳ ಮದುವೆ. ಸೋದರತ್ತೆಯಾಗಿ ಮೊದಲ ಅರಿಶಿಣ ಹಚ್ಚಬೇಕಾದವರು, ನನಗೆ ಕೊಟ್ಟ ಮಾತಿಗಾಗಿ ದೂರ ನಿಂತಿರಂತೆ. ನಾನು? ಭಾಲ್ಕಿಯಲ್ಲಿ ನನ್ನ ತಂಗಿಯ ಮದುವೆ – ಮೊಣಕೈತನಕ ಅರಿಶಿಣ ಬಳಿದುಕೊಂಡು, ಮರುದಿನ ನಿಮ್ಮ ರಕ್ತ ತೆಗೆಯಲು ಬಂದೆ. ಎರಡು ಟ್ಯೂಬುಗಳಲ್ಲಿ ತೆಗೆದೆ. ಬೀದರಿಗೆ ಒಯ್ದಾಗ ಒಂದರ ಮುಚ್ಚಳ ಬಿಗಿಯಾಗಿತ್ತು. ಗ್ಲೌಸ್ ಕಳಚಿ, ಬರಿಗೈಯಲ್ಲಿ ತೆಗೆದುಬಿಟ್ಟೆ.

ಆ ಟ್ಯೂಬಿನ ರಕ್ತದಲ್ಲಿ ಯಂತ್ರ ಅರಿಶಿಣ ತೋರಿಸಿತು. ನಿಮ್ಮೂರಿನ ಸಮುದಾಯ ಭವನಕ್ಕೆ ಬಂದು, ಎಲ್ಲರ ನಡುವೆ, “ಮದುವಿ ಮನಿಗಿ ಹೋಗಿದ್ರಲ್ಲ, ಅಲ್ಲೇ ತಿಂದೀರಿ. ಸುಳ್ಳ್ ಯಾಕ ಹೇಳ್ತೀರಿ?” ಎಂದೆ.

“ಅಣ್ಣನ ಮನಿ ಅರಿಶಿಣಾನೇ ಮುಟ್ಟಿಲ್ರಿ ಮೇಡಂ. ಬೇಕಾದ್ರ ನೋಡ್ರಿ,” ಎಂದು ಎರಡೂ ಕೈ ಚಾಚಿದಿರಿ.

ಒಂದು ಉಗುರಿಗೂ ಕಲೆಯಿರಲಿಲ್ಲ. ಆಗಲೇ ನನ್ನ ಕಣ್ಣು ನನ್ನ ಬೆರಳುಗಳ ಮೇಲೆ ಬಿತ್ತು – ಉಗುರಂಚು ಇನ್ನೂ ಹಳದಿ. ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಹಿಂದೆ ಯಾರೋ ನಕ್ಕರು. ನೀವು ಸೆರಗು ಸರಿಮಾಡಿಕೊಂಡು ಎದ್ದು ಹೋದಿರಿ.

ಮರಳಿ ಬಂದು ಎರಡನೆಯ ಟ್ಯೂಬನ್ನು ಪರೀಕ್ಷಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಮೇಲಿನವರಿಗೆ ಹೇಳಿದ್ದರೆ ಬೈಸಿಕೊಳ್ಳುತ್ತಿದ್ದೆ, ಬಹುಶಃ ಕೆಲಸವೂ – ಇಲ್ಲ, ಅದನ್ನು ಇಲ್ಲಿ ಸಬೂಬಾಗಿ ತರುವುದಿಲ್ಲ. ಪರೀಕ್ಷೆಯ ಪಟ್ಟಿಯಿಂದ ನಿಮ್ಮ ಹೆಸರು ಕೈಬಿಟ್ಟೆವು, ನಾನು ಸುಮ್ಮನಿದ್ದೆ. ಸುದ್ದಿ ಚಿಂಚೋಳಿಗೂ ಮುಟ್ಟಿತು. ನಿಮ್ಮ ಅತ್ತಿಗೆ, ‘ಹಾಗಾದರೆ ಪಥ್ಯವೆಲ್ಲ ನೆಪ, ನಮ್ಮ ಮಗಳಿಗೆ ಅರಿಶಿಣ ಹಚ್ಚಲು ಇವಳಿಗೆ ಮನಸ್ಸಿರಲಿಲ್ಲ’ ಎಂದು, ನಿಮ್ಮ ಮನೆಗೆ ಹೋಗಿಬರುವುದನ್ನೇ ನಿಲ್ಲಿಸಿದರೆಂದು ಆಮೇಲೆ ಕೇಳಿದೆ. ಕೇಳಿಯೂ ಸುಮ್ಮನಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಈ ಭಾನುವಾರ ಬರುತ್ತೇನೆ. ನಿಮ್ಮ ಮನೆಯೊಳಗೆ ಗುಟ್ಟಾಗಿ ಅಲ್ಲ – ಅದೇ ಭವನದಲ್ಲಿ, ಅದೇ ಹೆಂಗಸರ ಎದುರು ಹೇಳುತ್ತೇನೆ. ಅಲ್ಲಿಂದ ಚಿಂಚೋಳಿಗೆ, ನಿಮ್ಮ ಅಣ್ಣನ ಮನೆಗೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಕೈಗಳನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ.