ಮಂಗಳ ಹಾಡದ ಆಟ

ಮೊನ್ನೆ ದುರ್ಗದಬೈಲಿನ ಅಂಗಡಿಯೊಂದರಲ್ಲಿ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ಕೂಡಲೇ ಮಾಸ್ತರರು ನೆನಪಾದರು. ಜೊತೆಗೆ ಹೊಟ್ಟೆಯೊಳಗಿನ ಹಳೆಯ ಸಿಟ್ಟೂ ಎದ್ದು ಕೂತಿತು.

ಗೋಕುಲ ರಸ್ತೆಯಲ್ಲಿ ನಾನು ಒಂದು ಗೇಮ್ ಕಂಪನಿಯಲ್ಲಿದ್ದೆ. ಎಲ್ಲೆಲ್ಲಿಯೋ ಇರುವ ಜನ ಆನ್‌ಲೈನಿನಲ್ಲಿ ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವಂಥ ಆಟ ನಮ್ಮದು. ಸಂಭಾಷಣೆ ಬರೆಯುವ ಕೆಲಸ ನನ್ನದು. ಕೋಟೆ ಬಾಗಿಲು ಕಾಯುವ ಮುದುಕನ ಪಾತ್ರಕ್ಕೆ ದನಿ ಹುಡುಕುವಾಗ ಸಿಕ್ಕವರು ಈ ಮಾಸ್ತರರು. ಮುಗದ ಎಂಬ ಹಳ್ಳಿಯವರು, ನಾಟಕ ಕಂಪನಿಗಳಲ್ಲಿ ಜೀವ ತೇಯ್ದವರು.

ರೆಕಾರ್ಡಿಂಗ್ ಕೋಣೆಯ ಹೊರಗೇ ಚಪ್ಪಲಿ ಬಿಟ್ಟು ಬರುತ್ತಿದ್ದರು. ಮೈಕಿಗೆ ಲೋಬಾನ ಹಾಕದೆ ಬಾಯಿ ಬಿಡುತ್ತಿರಲಿಲ್ಲ. ಹೊಗೆಗೆ ಅಲಾರಾಂ ಹೊಡೆದುಕೊಂಡು, ಇಡೀ ಆಫೀಸು ರಸ್ತೆಗೆ ಓಡಿದ್ದೂ ಉಂಟು! ಕಾವಲುಗಾರ ಸಾಯುವಾಗಿನ ಮಾತನ್ನು ಆಡಿದ ದಿನವಂತೂ ಅವರು ಮೈಕಿನ ಮುಂದಿನಿಂದ ಮೇಲೇಳಲೇ ಇಲ್ಲ.

“ಸತ್ತ ಪಾತ್ರಾ ಹಂಗ ಬಿಟ್ಟ ಹೋಗಬಾರ್ದ್ರಿ. ಮಂಗಳಾ ಹಾಡಿ ಎಬ್ಬಿಸಿ ಹೋಗಬೇಕು.”

ನಾಟಕದ ಕೊನೆಗೆ ಹಾಡುವ ಮಂಗಳ ನಮ್ಮ ಆಟಕ್ಕೆ ಬೇಕಿರಲಿಲ್ಲ. ಮಾಲಕ ಮೈಕ್ ಬಂದ್ ಮಾಡಿಸಿದ. ಬಂದಾದ ಮೈಕಿನ ಮುಂದೆಯೇ ಮಾಸ್ತರರು ಕಣ್ಣು ಮುಚ್ಚಿ ಪೂರ್ತಿ ಹಾಡಿದರು...

ಆಮೇಲೆ ಸಂಕೋಚದಿಂದ ಕೇಳಿದರು: “ನಾಟಕದಾಗಿನ ದನಿ ಪರದೆ ಬಿದ್ದಕೂಡ್ಲೆ ಹೋತು. ನಂದು ಎಲ್ಲೂ ಉಳದಿಲ್ಲ. ಇದಾರ ಉಳಿತೈತೇನ್ರಿ?”

“ಮಾಸ್ತರ್ರ, ನಾವು ಸತ್ತರೂ ಇದು ಇರ್ತೈತ್ರಿ,” ಎಂದ ಮಾಲಕ. ಎಷ್ಟು ಸಲೀಸಾಗಿ ಅಂದನಲ್ಲ ಅನ್ನಿಸುತ್ತದೆ ಈಗ.

ಆಟ ಹೊರಬಂದ ಮೇಲೆ ಅವರ ಹೆಂಡತಿ ಮೊಬೈಲಿನಲ್ಲಿ ಅದನ್ನು ಹಾಕಿಸಿಕೊಂಡರು. ಕತ್ತಿ ಹಿಡಿಯಲು ಬಾರದು, ಕುದುರೆ ಏರಲು ಬಾರದು. ಕೋಟೆ ಬಾಗಿಲತನಕ ನಡೆಯುವುದನ್ನಷ್ಟೇ ಕಲಿತರು. ಮಾಸ್ತರರು ತೀರಿಕೊಂಡ ಮೇಲೂ ದಿನಾ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. “ಬಾಗಲಾ ನಾ ಕಾಯ್ತೇನಿ, ನೀವು ಮುಂದ ನಡೀರಿ” ಎಂಬ ಗಂಡನ ಮಾತು ಕೇಳಿ ವಾಪಸಾಗುತ್ತಿದ್ದರು.

ಮಾಲಕ ಕಂಪನಿಯನ್ನು ದೊಡ್ಡವರಿಗೆ ಮಾರಿದ. ಕೊಂಡವರು ಲಾಭವಿಲ್ಲವೆಂದು ಆಟವನ್ನೇ ನಿಲ್ಲಿಸಿದರು; ದನಿಯೆಲ್ಲ ಅವರ ಸರ್ವರಿನಲ್ಲೇ ಉಳಿಯಿತು. ಮಾಸ್ತರರ ದನಿಯ ಒಂದು ತುಣುಕನ್ನಾದರೂ ಅವರ ಹೆಂಡತಿಗೆ ಕೊಡಿ ಎಂದು ಅಂಗಲಾಚಿದೆ. ಅದು ಕಂಪನಿಯ ಆಸ್ತಿ, ಹೊರಗಿನವರಿಗೆ ಕೊಡುವಂತಿಲ್ಲ ಎಂದರು. ಹೆಂಡತಿ ಹೊರಗಿನವರು! ಮಾಲಕನಿಗೆ ಫೋನ್ ಮಾಡಿದರೆ, “ಹಳೇದೆಲ್ಲಾ ಬಿಡೋ ಮಾರಾಯಾ” ಅಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಮೊನ್ನೆ ಲೋಬಾನ ಕಟ್ಟಿಸಿಕೊಂಡು ನೆಟ್ಟಗೆ ಮುಗದಕ್ಕೆ ಹೋದೆ. ಆ ತಾಯಿ ಚಹಾ ಕೊಟ್ಟು, ಮೊಬೈಲನ್ನು ನನ್ನ ಮುಂದೆ ಹಿಡಿದರು.

“ತಮ್ಮಾ, ಆಟಾ ಚಾಲೂನ ಆಗವಲ್ದು. ಅವರ ದನಿ ಒಳಗ ಐತಿ, ಹೌದಲ್ಲೋ?”

ಪೊಟ್ಟಣ ಬಿಚ್ಚಿ ಒಲೆಯ ಕೆಂಡದ ಮೇಲೆ ಲೋಬಾನ ಉದುರಿಸಿದೆ. ಅವರು ಕೈಮುಗಿದು ಕಾಯುತ್ತ ನಿಂತರು. ನನಗೆ ಮಂಗಳ ಬರುವುದಿಲ್ಲ.